ಐದನೆಯ ದಿನದ ದಡ

ಏಮಸ್ ಕಾಥಾರ್ನ್ ತೀರಿಕೊಂಡ ಸುದ್ದಿ ಅವರ ತಂಗಿ ಹೆಸ್ಟರ್‌ಗೆ ತಲುಪಿದ್ದು ಮಾರ್ಚ್ ತಿಂಗಳ ಒಂದು ಶುಕ್ರವಾರ, ಬೆಳಕು ಹರಿಯುವ ಹೊತ್ತಿಗೆ. ಇಂಗ್ಲೆಂಡಿನ ಲಿಂಕನ್‌ಶೈರ್‌ನ ತಗ್ಗು ಬಯಲಿನ ಕಾಲುವೆಯಲ್ಲಿ ಹೆಸ್ಟರ್ ಆಗ ಸೊಂಟಮಟ್ಟದ ನೀರಿನಲ್ಲಿ ನಿಂತಿದ್ದಾರೆ. ದಡದ ಮೇಲೆ ಕಲಿಯಲು ಬಂದ ಒಂಬತ್ತು ಮಂದಿ. ಅವರ ಹಿಂದೆ, ಮಣ್ಣು ಅಗೆಯುವ ಯಂತ್ರದಲ್ಲಿ ಲೆನ್ ಸ್ಕ್ರಿಮ್‌ಶಾ ಚಹಾ ಹೀರುತ್ತಿದ್ದಾನೆ.

ಫೋನು ಆಸ್ಪತ್ರೆಯದು. ಹೆಸ್ಟರ್ ಕೇಳಿಸಿಕೊಂಡು, "ಆಯ್ತಮ್ಮ, ನೀವು ಹತ್ರ ಇದ್ರಲ್ಲ, ಅಷ್ಟು ಸಾಕು," ಎಂದು ಅದನ್ನು ಒಳಜೇಬಿಗೆ ಇಡುತ್ತಾರೆ. "ಏಮಸ್ ಹೋದ," ಎನ್ನುತ್ತಾರೆ.

ಲೆನ್ ಟೋಪಿ ತೆಗೆಯುತ್ತಾನೆ. "ಹೆಸ್ಟರ್, ನೀನು ಹೊರಡು. ಮಣ್ಣು ಎಲ್ಲಿಗೂ ಓಡಿಹೋಗಲ್ಲ."

"ಮಣ್ಣು ಓಡಲ್ಲ ಮಾರಾಯ, ಇಲಿಗಳು ವಾಪಸ್ ಬರ್ತವೆ. ಇವತ್ತು ಐದನೇ ದಿನ. ಯಂತ್ರ ಶುರು ಮಾಡು."

ಐವತ್ತೆಂಟರ ಹೆಸ್ಟರ್ ಕಲಿಸುವುದು ನೀರಿಲಿಯ ವಿದ್ಯೆಯನ್ನು. ಕಾಲುವೆಯ ದಡದಲ್ಲಿ ಬಿಲ ತೋಡಿ, ಜೊಂಡು ತಿಂದು ಬದುಕುವ ಈ ಮೊಂಡು ಮೂಗಿನ ಕಂದು ಜೀವ ಈ ದೇಶದಲ್ಲಿ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ. ದಡ ಅಗೆದು ಸೇತುವೆ, ಕೊಳವೆ ಹಾಕುವವರು ಮೊದಲು ಇಲಿಯನ್ನು ಅಲ್ಲಿಂದ ಸುರಕ್ಷಿತವಾಗಿ ಸರಿಸಬೇಕು. ಸರಿಸುವವರಿಗೆ ಪರವಾನಗಿ ಬೇಕು, ಪರವಾನಗಿಗೆ ತರಬೇತಿ ಬೇಕು. ಹದಿನೆಂಟು ವರ್ಷಗಳಲ್ಲಿ ಆರುನೂರಕ್ಕೂ ಹೆಚ್ಚು ಮಂದಿ ಹೆಸ್ಟರ್ ಮತ್ತು ಏಮಸ್‌ರಿಂದ ಅದನ್ನು ಕಲಿತು ಹೋಗಿದ್ದಾರೆ. ಅವರಲ್ಲಿ ಎಷ್ಟೋ ಜನರ ಹೆಸರು ದೊಡ್ಡ ವರದಿಗಳ ಮೇಲಿದೆ. ಈ ಅಣ್ಣ ತಂಗಿಯ ಹೆಸರು ನಮ್ಮ ಪ್ರಾರ್ಥನಾಲಯದಲ್ಲಿ ಹೂವು ಜೋಡಿಸುವವರ ಸರದಿಯ ಪಟ್ಟಿಯ ಹೊರತು ಬೇರೆಲ್ಲೂ ಇಲ್ಲ.

ಪಾಠ ಶುರುವಾಗುವುದು ಹಿಕ್ಕೆಯಿಂದ. ಸೋಮವಾರ ಬೆಥನ್ ಎಂಬ ಹುಡುಗಿ ಸಂಭ್ರಮದಿಂದ ಒಂದು ಹಿಕ್ಕೆ ತಂದಾಗ ಹೆಸ್ಟರ್, "ಮೂಗಿಗೆ ಹಿಡಿ," ಎಂದರಂತೆ.

"ಮೂಗಿಗಾ?"

"ಬಾಯಿಗೆ ಅನ್ನಲಿಲ್ಲವಲ್ಲ, ಪುಣ್ಯ. ಗಬ್ಬು ನಾರಿದ್ರೆ ಹೆಗ್ಗಣ. ನಮ್ಮದು ನಾರಲ್ಲ, ಹುಲ್ಲು ತಿನ್ನೋ ಮರ್ಯಾದಸ್ಥ."

ಹುಡುಗಿ ಮೂಸಿ ಮುಖ ಕಿವುಚಿದಳು. ಅದು ಹೆಗ್ಗಣದ್ದೇ. ಇಂಥ ಒಂದು ತಪ್ಪಿನಿಂದ ನೀರಿಲಿ ಇಲ್ಲದ ಕಡೆ ಇದೆ ಎಂದು, ಇರುವ ಕಡೆ ಇಲ್ಲ ಎಂದು ಬರೆಯಲಾಗುತ್ತದೆ. ಬರೆದದ್ದನ್ನು ನಂಬಿ ಯಂತ್ರ ಬರುತ್ತದೆ.

ಇಲ್ಲಿನ ಕ್ರಮ ಹೀಗೆ. ಕಾಲುವೆಯ ಅಗೆಯಬೇಕಾದ ಭಾಗದಲ್ಲಿ, ಈ ಸಲ ನಲವತ್ತು ಮೀಟರು, ಹುಲ್ಲನ್ನು ಬುಡದವರೆಗೆ ಬೋಳಿಸುತ್ತಾರೆ. ಮರೆಯೂ ಮೇವೂ ಇಲ್ಲದೆ ಇಲಿಗಳು ತಾವಾಗಿ ಪಕ್ಕದ ಜೊಂಡಿಗೆ ಹೋಗುತ್ತವೆ. ಐದು ದಿನ ಕಾದು, ಮಣ್ಣನ್ನು ತೆಳುವಾಗಿ ಕೆರೆಯುತ್ತ ಪ್ರತಿ ಬಿಲವನ್ನೂ ಕೈಯಿಂದ ತಡವಿ ನೋಡಿ ಮುಚ್ಚಬೇಕು. ಬಿಟ್ಟರೆ ಎಳೆ ಹುಲ್ಲು ಚಿಗುರುತ್ತದೆ, ಹೋದವು ಹಿಂತಿರುಗುತ್ತವೆ.

ಏಮಸ್ ಒಮ್ಮೆ ಬಿಟ್ಟಿದ್ದರು. ಹತ್ತೊಂಬತ್ತು ವರ್ಷದ ಹಿಂದೆ, ಏಪ್ರಿಲ್‌ನಲ್ಲಿ ತಾಯಿ ತೀರಿಕೊಂಡಾಗ, ಬೋಳಿಸಿದ ದಡವನ್ನು ಹಾಗೇ ಬಿಟ್ಟು ಮನೆಗೆ ಹೋದರು. ಎಂಟು ದಿನ ಕಳೆದು ಬಂದು, ದೂರದಿಂದ ನೋಡಿ, ದಡ ಬೋಳಾಗಿಯೇ ಇದೆ ಎಂದುಕೊಂಡು ಯಂತ್ರಕ್ಕೆ ಕೈಬೀಸಿದರು. ಮಣ್ಣಿನ ಜೊತೆ ಹನ್ನೊಂದು ಇಲಿಗಳು ಸತ್ತು ಮೇಲೆ ಬಂದವು, ಕಣ್ಣು ಬಿಡದ ಮರಿಗಳೂ ಸೇರಿ. ಬೇರೆ ಯಾರೂ ಗಮನಿಸಿರಲಿಲ್ಲ. ಏಮಸ್ ತಾವೇ ಪರವಾನಗಿ ಕೊಡುವ ಕಚೇರಿಗೆ ಬರೆದು ತಿಳಿಸಿದರು, ಒಂದು ವರ್ಷ ಆ ಕೆಲಸ ಮುಟ್ಟಲಿಲ್ಲ. ಆಮೇಲೆ ಕಲಿಸತೊಡಗಿದರು. ಆಗ ಹೂಕೋಸು ಕಟ್ಟುವ ಶೆಡ್ಡಿನಲ್ಲಿ ದುಡಿಯುತ್ತಿದ್ದ ತಂಗಿಯೇ ಅವರ ಮೊದಲ ಶಿಷ್ಯೆ. ಪ್ರತಿ ತರಗತಿಗೂ ಅವರು ಮೊದಲು ಹೇಳುತ್ತಿದ್ದುದು ತಮ್ಮ ತಪ್ಪನ್ನು. ಹೋದ ವಾರ ಆಸ್ಪತ್ರೆಯ ಮಂಚದಿಂದ ಹೇಳಿದ್ದೂ ಅದನ್ನೇ: "ನಾನು ಸತ್ರೂ ಐದನೇ ದಿನ ನಿಲ್ಲಿಸಬೇಡ ಕಣೇ."

ಯಂತ್ರ ಇಳಿಯುತ್ತದೆ. ಒಂದು ಗೇಣು ಮಣ್ಣು, ನಿಲುಗಡೆ, ಹೆಸ್ಟರ್‌ರ ಕೈ, ಮತ್ತೆ ಒಂದು ಗೇಣು. ಸವೆದ ಮಂಡಿಗಳು ಕೆಸರಿನಲ್ಲಿ ಊರಿವೆ. ಅರವತ್ತೆರಡು ಬಿಲಗಳು. ಹೆಸ್ಟರ್‌ರ ಕೆನ್ನೆ ಒದ್ದೆಯಾಗಿದೆ. ಬೆಥನ್ ಪಕ್ಕದಲ್ಲೇ ಮಂಡಿಯೂರಿ ಮಣ್ಣು ಸರಿಸುತ್ತಾಳೆ.

ಮಧ್ಯಾಹ್ನದ ಹೊತ್ತಿಗೆ ಉಳಿದಿರುವುದು ಎರಡೇ ಬಿಲ. ಬೆಥನ್ ಥಟ್ಟನೆ ಕೈ ಎತ್ತುತ್ತಾಳೆ. "ಲೆನ್, ನಿಲ್ಸಿ! ಇಲ್ಲಿ ಬೆಚ್ಚಗಿದೆ."

ಹೆಸ್ಟರ್ ಅತ್ತ ಸರಿದು, "ನೀನೇ ತೆಗಿ," ಎನ್ನುತ್ತಾರೆ. ಸೀಳಿದ ಹುಲ್ಲಿನ ಉಂಡೆಯಂಥ ಗೂಡು. ಅದು ಬಿಚ್ಚಿಕೊಂಡು ಒಂದು ಕಂದು ಬೆನ್ನು ಚಿಮ್ಮುತ್ತದೆ. ನೀರಿನಲ್ಲಿ ಗುಳುಂ ಎಂಬ ಸದ್ದು, ಆಚೆಯ ಜೊಂಡಿನ ಕಡೆಗೆ ಒಂದು ಗೆರೆ.

"ಏಮಸ್ ಈ ಸದ್ದು ಕೇಳಬೇಕಿತ್ತು," ಎನ್ನುತ್ತಾನೆ ಲೆನ್.

"ಕೇಳಿರ್ತಾನೆ. ಕಿವಿ ಚುರುಕು ಅವನದು, ನನ್ನ ಅಡುಗೆ ಬಿಟ್ಟು ಮಿಕ್ಕಿದ್ದಕ್ಕೆಲ್ಲ ಬಾಯಿ ಹಾಕೋನು." ಹೆಸ್ಟರ್ ನಗಲು ಹೋಗಿ ನಿಲ್ಲುತ್ತಾರೆ. ಕೊನೆಯ ಬಿಲವನ್ನೂ ತಡವಿ, ಖಾಲಿ ಎಂದು ಮುಚ್ಚುತ್ತಾರೆ. ಮೇಲೆ ಬಂದು ಬೂಟಿನ ನೀರು ಸುರಿಯುತ್ತ, "ಬೆಥನ್, ಮುಂದಿನ ತರಗತೀಲಿ ಏಮಸ್‌ನ ತಪ್ಪು ನೀನು ಹೇಳು. ನನ್ನಿಂದ ಈ ವರ್ಷ ಆಗಲ್ಲ. ಹೇಳೋದು ಮಾತ್ರ ನಿಲ್ಲಬಾರದು, ಅಷ್ಟೇ ನನ್ನ ಆಸೆ," ಎನ್ನುತ್ತಾರೆ. ಆಮೇಲೆ ಅಣ್ಣನನ್ನು ನೋಡಲು ಹೊರಡುತ್ತಾರೆ.

ಪ್ರಾರ್ಥಿಸೋಣ: ನೀರನ್ನೂ ನೆಲವನ್ನೂ ಬೇರೆಮಾಡಿ ಎರಡರ ನಡುವೆ ದಡವನ್ನು ಇಟ್ಟ ಪ್ರಭುವೇ, ಅಲ್ಲಿ ವಾಸಿಸುವ ಅತಿ ಕಿರಿಯದನ್ನೂ ನೀನು ಬಲ್ಲೆ. ನಿನ್ನ ಸೇವಕ ಏಮಸ್ ಹತ್ತೊಂಬತ್ತು ವರ್ಷ ಹೊತ್ತ ಹನ್ನೊಂದರ ಭಾರವನ್ನು ಈಗ ಅವನ ಹೆಗಲಿನಿಂದ ಇಳಿಸು. ಶಾಂತವಾದ ನೀರಿನ ಬಳಿ ಅವನಿಗೆ ವಿಶ್ರಾಂತಿ ಕೊಡು. ಆಮೆನ್.