ಕರೆದರೆ ಬರುವ ಜೀವಿಗಳು

ಮೊನ್ನೆ ಹಗರೆಯಲ್ಲಿ ಬೇಲೂರು ಬಸ್ಸಿಗೆ ಕಾಯುತ್ತ ನಿಂತಿದ್ದೆ. ರಸ್ತೆಯ ಆಚೆಯಿಂದ ಒಬ್ಬ ಹೆಂಗಸು "ಗೌರೀ, ಬಾರೇ ಇಲ್ಲಿ" ಎಂದು ಕೂಗಿದಳು. ನನ್ನ ಸೊಪ್ಪಿನ ಚೀಲದ ಮೇಲೆ ಕಣ್ಣಿಟ್ಟು ಪಕ್ಕದಲ್ಲೇ ನಿಂತಿದ್ದ ಹಸು ಕಿವಿ ನಿಮಿರಿಸಿ, ಅತ್ತಿತ್ತ ನೋಡದೆ ರಸ್ತೆ ದಾಟಿಬಿಟ್ಟಿತು. ಲಾರಿಯವನು ಬ್ರೇಕ್ ಹಾಕಿ ಬೈದ. ಹಸುವಿಗೆ ಅದರ ಪರಿವೆಯೇ ಇಲ್ಲ. ನನಗೆ ಮಾತ್ರ ಇಪ್ಪತ್ತು ವರ್ಷದ ಹಿಂದಿನ ಒಂದು ಅವಮಾನ ನೆನಪಾಗಿ ಕಿವಿ ಬಿಸಿಯಾಯಿತು.

ನಾನು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ಈಗ ಬೇಲೂರಿನಲ್ಲಿದ್ದೇನೆ. ಆಗ ಹಗರೆ ಕಡೆಯ ಒಂದೂರಿಗೆ ಹೊಸದಾಗಿ ಬಂದಿದ್ದೆ. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ನಿಮ್ಮ ಹತ್ತಿರ ಮುಚ್ಚಿಡುವುದೇನು, ಜಂಬ ಜಾಸ್ತಿ ಇತ್ತು. ಅಂಗಳದ ಹೊಂಗೆ, ಬೇಲಿಯ ಲಂಟಾನ, ಗೋಡೆಯ ಹಲ್ಲಿ, ಎಲ್ಲದರ ಲ್ಯಾಟಿನ್ ಹೆಸರೂ ನಾಲಿಗೆಯ ತುದಿಯಲ್ಲಿ. ಒಮ್ಮೆ ಹೆಡ್‌ಮೇಷ್ಟ್ರು ಸುಲಿಯುತ್ತಿದ್ದ ಬಾಳೆಹಣ್ಣಿಗೂ ಅದರ ಲ್ಯಾಟಿನ್ ಹೆಸರು ಹೇಳಿದೆ. "ಇನ್ನು ಇದು ಗಂಟಲಲ್ಲಿ ಇಳಿದಂಗೇ ಬಿಡ್ರೀ" ಎಂದು ಅವರು ಹಣ್ಣು ಕೆಳಗಿಟ್ಟರು.

ಮಕ್ಕಳ ಹೆಸರು ಮಾತ್ರ ತಲೆಗೆ ಹತ್ತುತ್ತಿರಲಿಲ್ಲ. ಒಂಬತ್ತನೇ ಕ್ಲಾಸಿನಲ್ಲಿ ಮೂವರು ಮಂಜುನಾಥರಿದ್ದರು. ಆ ನೆಪ ಸಾಕಾಯಿತು, ಎಲ್ಲರಿಗೂ ಹಾಜರಿ ನಂಬರೇ ಹೆಸರಾಯಿತು. "ಏಯ್ ಒಂಬತ್ತು, ಬೋರ್ಡು ಒರೆಸು." "ಹದಿನೇಳು, ಕಿಟಕಿಯಾಚೆ ಏನಮ್ಮ ನೋಡ್ತೀಯ?"

ಹೀಗಿರುವಾಗ ಪಾಠ ನೋಡಿ ವರದಿ ಬರೆಯಲು ಶಿಕ್ಷಣ ಇಲಾಖೆಯ ಸಾಹೇಬರು ಬರುತ್ತಾರೆಂದು ಸುದ್ದಿ ಬಂತು. ವರದಿ ಕೆಟ್ಟರೆ ನನ್ನ ಕೆಲಸ ಖಾಯಂ ಆದಂತೆಯೇ! ಜೀವಿಗಳ ವರ್ಗೀಕರಣದ ಪಾಠ ಆರಿಸಿಕೊಂಡೆ. ಒಂದೇ ಪ್ರಶ್ನೆ ಕೇಳಿ ಮನೆಯ ಸುತ್ತಲಿನ ಪ್ರಾಣಿಗಳನ್ನೆಲ್ಲ ಎರಡು ಗುಂಪು ಮಾಡಬೇಕು. ಪ್ರಶ್ನೆ ಯಾವುದು? ಬೆನ್ನುಮೂಳೆ ಇದೆಯೇ, ಇಲ್ಲವೇ? ಮೂರು ದಿನ ಗಿಣಿಪಾಠ ಮಾಡಿಸಿದೆ. ಸಾಹೇಬರು ಬಂದವರೇ, ಬೆನ್ನುಮೂಳೆ ಹೇಳಲು ತುದಿಗಾಲಲ್ಲಿದ್ದ ಮುಂದಿನ ಬೆಂಚನ್ನೆಲ್ಲ ಬಿಟ್ಟು, ಕಿಟಕಿ ಪಕ್ಕದ ಹುಡುಗಿಗೆ ಕೈ ತೋರಿಸಿದರು. ಹದಿನೇಳು! ಮನೆಯಲ್ಲಿ ಹಸು ಕರು ಹಾಕಿದೆಯೆಂದು ಆ ಮೂರು ದಿನವೂ ಅವಳು ಶಾಲೆಗೇ ಬಂದಿರಲಿಲ್ಲ.

ಅವಳು ನಿಧಾನವಾಗಿ ಯೋಚಿಸಿ ಹೇಳಿದಳು: "ಕರುದ್ರೆ ಬರೋವು ಒಂದ್ ಗುಂಪು. ಕರುದ್ರೂ ಬರ್ದೇ ಇರೋವು ಇನ್ನೊಂದು."

"ಕೋಳಿ?" ಎಂದರು ಸಾಹೇಬರು.

"ಬಾ ಬಾ ಬಾ ಅಂದ್ರೆ ಓಡ್ ಬತ್ತವೆ ಸಾರ್."

"ಹಾವು?"

"ಅದನ್ನ ಯಾರ್ ಕರೀತಾರೆ ಸಾರ್?"

"ಬೆಕ್ಕು?"

"ಅದ್ಕೆ ಮನ್ಸು ಬಂದ್ರೆ ಬತ್ತದೆ. ಅದ್ಕೊಂದು ಬ್ಯಾರೆ ಗುಂಪೇ ಮಾಡ್ಬೇಕು."

ಅತ್ತ ಗಿಡವೂ ಅಲ್ಲದ ಇತ್ತ ಪ್ರಾಣಿಯೂ ಅಲ್ಲದ ಜೀವಿಗಳನ್ನು ದೊಡ್ಡ ದೊಡ್ಡ ವಿಜ್ಞಾನಿಗಳು ಹೀಗೆಯೇ ಬೇರೆ ಗುಂಪಿಗೆ ತಳ್ಳಿದ್ದು ಎಂದು ನೆನೆದರೆ ಈಗ ನಗು ಬರುತ್ತದೆ. ಆಗ ನಗು ಎಲ್ಲಿಂದ ಬರಬೇಕು? "ಹದಿನೇಳು, ಕೂತ್ಕೋ! ಬೆನ್ನುಮೂಳೆ!" ಎಂದು ಅರಚಿದೆ.

ಸಾಹೇಬರು ಕತ್ತೆತ್ತಿದರು. "ಹದಿನೇಳಾ? ಮಗು ಹೆಸರೇನ್ರೀ?"

ಯಾವ ಕ್ಲಾಸಿನಲ್ಲಾದರೂ ಒಬ್ಬಳು ಇದ್ದೇ ಇರುತ್ತಾಳೆಂಬ ಧೈರ್ಯದ ಮೇಲೆ "ಮಂಜುಳ ಸಾರ್" ಎಂದೆ. ಇದ್ದಳು. ಮೂರನೇ ಬೆಂಚಿನಲ್ಲಿ ಎದ್ದು ನಿಂತು "ನಾನ್ ಇಲ್ಲಿದೀನಿ ಸಾರ್" ಎಂದಳು. ಕ್ಲಾಸು ಬಿದ್ದು ಬಿದ್ದು ನಕ್ಕಿತು. ಹದಿನೇಳು ನಗಲಿಲ್ಲ. ನಾನು ಹೇಳಿಯೇನೆಂದು ಕಾಯುತ್ತ ನನ್ನನ್ನೇ ನೋಡುತ್ತಿದ್ದಳು. ಕೊನೆಗೆ ಮುಖ ಸಣ್ಣದು ಮಾಡಿಕೊಂಡು, "ಮೊನ್ನೆ ಹುಟ್ಟಿದ್ ಕರುಗೂ ಹೆಸ್ರಿಟ್ಟಿದೀವಿ ಸಾರ್. ನಾನು ಸವಿತಾ" ಎಂದಳು. ನಾಚಿಕೆಯಿಂದ ನನಗೆ ನೆಲ ಬಾಯಿಬಿಡಬಾರದೆ ಅನ್ನಿಸಿತು.

ಸಾಹೇಬರು ವರದಿ ಬರೆಯಲಿಲ್ಲ. "ಸೋಮವಾರ ಮತ್ತೆ ಬರ್ತೀನಿ. ಹಾಜರಿ ಪುಸ್ತಕ ಮುಚ್ಚಿಟ್ಟು ಎಲ್ಲರನ್ನೂ ಹೆಸರು ಹಿಡಿದು ಕರೀಬೇಕು ನೀವು" ಎಂದು ಹೋದರು. ಆ ವಾರವೆಲ್ಲ ನನಗೆ ಅನ್ನ ರುಚಿಸಲಿಲ್ಲ. ಬಸ್ಸಿನಲ್ಲೂ ಹೆಸರು ಗುನುಗುತ್ತಿದ್ದರೆ ಕಂಡಕ್ಟರು "ಯಾವ ದೇವ್ರ ಸಹಸ್ರನಾಮ ಸಾರ್?" ಎಂದ. ಸೋಮವಾರ ಇಬ್ಬರು ಮಂಜುನಾಥರು ಅದಲುಬದಲಾದದ್ದು ಬಿಟ್ಟರೆ ಪಾಸಾದೆ. ಕೆಲಸ ಉಳಿಯಿತು.

ಇದನ್ನೆಲ್ಲ ನೆನೆಯುತ್ತ ನಿಂತಿರುವಾಗಲೇ ಬಸ್ಸು ಬಂತು. ಒಂದು ಕಾಲು ಮೆಟ್ಟಿಲ ಮೇಲಿಟ್ಟಿದ್ದೆ. ಗೌರಿಯನ್ನು ಕರೆದಿದ್ದ ಹೆಂಗಸು ಈಗ "ಸಾರ್, ಬನ್ನಿ ಇಲ್ಲಿ" ಎಂದು ಕೂಗಿದಳು. ಇಳಿದು ರಸ್ತೆ ದಾಟಿದೆ. ಏನು ಮಾಡುವುದು, ನಾನೂ ಕರೆದರೆ ಬರುವ ಗುಂಪೇ.

"ನಾನ್ಯಾರು ಹೇಳಿ ನೋಡಾನ" ಎಂದಳು.

ಮುಖ ದಪ್ಪಗಾಗಿತ್ತು, ಕನ್ನಡಕ ಬಂದಿತ್ತು. ಕಾಯುವ ಆ ನೋಟ ಮಾತ್ರ ಹಾಗೇ ಇತ್ತು. "ಸವಿತಾ" ಎಂದೆ.

ಅವಳು ಬಾಯ್ತುಂಬ ನಕ್ಕು, ಸೆರಗಿನಿಂದ ಕಣ್ಣೊರೆಸಿಕೊಂಡು, ಹಿಂದೆ ನಿಂತಿದ್ದ ಹುಡುಗಿಯನ್ನು ಮುಂದಕ್ಕೆ ತಳ್ಳಿದಳು. "ನನ್ ಮಗಳು ಸಾರ್. ಈ ಜೂನಿಗೆ ನಿಮ್ ಸ್ಕೂಲಿಗೇ ಬತ್ತಾಳೆ, ಒಂಬತ್ತಕ್ಕೆ."

ಎಂಟನೇ ಕ್ಲಾಸಿನಲ್ಲಿ ಎಷ್ಟು ಮಾರ್ಕ್ಸು ಎಂದು ಕೇಳಲು ಬಾಯಿ ತೆರೆದಿದ್ದೆ. ಸವಿತಾ ನನ್ನನ್ನೇ ನೋಡುತ್ತಿದ್ದಳು. ನುಂಗಿಕೊಂಡೆ.

"ನಿನ್ನ ಹೆಸರೇನು ತಾಯಿ?" ಎಂದೆ.