ಕರೆದರೆ ಹೋಗುವ ಕೆಲಸ

ಹಂಡೆಯಲ್ಲಿ ಭತ್ತ ಬೇಯಿಸುತ್ತಿದ್ದೆ. ಬೆಳ್ಳಾರೆಯಿಂದ ಪೋಸ್ಟಿನವರು ತಂತಿ ತಂದರು. ಯಜಮಾನರು ಓದಿ, "ರಿಸರ್ವಿನವರನ್ನು ಕರೆದಿದ್ದಾರೆ. ನಾಡಿದ್ದು ಹೊರಡ್ಬೇಕು" ಎಂದರು. ಅದು ಚೀನಾ ಯುದ್ಧದ ಸಮಯ.

ಈ ರಿಸರ್ವಿನ ಕಥೆ ಕೇಳಿದರೆ ನೀವು ನಗುತ್ತೀರಿ. ನಮ್ಮ ಸುಳ್ಯದ ಕಡೆ ರಿಸರ್ವ್ ಎಂದರೆ ಸರಕಾರಿ ಕಾಡು. "ಹುಡುಗ ಮಿಲಿಟ್ರಿಯಿಂದ ಬಂದಿದ್ದಾನೆ, ಈಗ ರಿಸರ್ವಿನಲ್ಲಿ" ಎಂದು ಸೋದರಮಾವ ಸಂಬಂಧ ತಂದಾಗ ಅಪ್ಪ, "ಕಾಡು ಕಾಯುದಲ್ವ, ದೂರ ಎಲ್ಲ ಹೋಗ್ಲಿಕ್ಕಿಲ್ಲ" ಎಂದು ಒಪ್ಪಿಯೇ ಬಿಟ್ಟರು. ಮದುವೆಯಾದ ಮೇಲೆ ಇವರು ಗದ್ದೆ ಬಿಟ್ಟು ಕದಲದ್ದನ್ನು ಕಂಡು ನಾನೇ ಕೇಳಿದೆ: "ಕಾಡಿಗೆ ಯಾವಾಗ ಹೋಗುದು?" ಉಣ್ಣುತ್ತಿದ್ದ ಗಂಜಿ ಇವರ ನೆತ್ತಿಗೆ ಹತ್ತಿತು.

"ನಾನೆಂತ ಹಂದಿಯ, ಮಾರಾಯ್ತಿ? ರಿಸರ್ವ್ ಅಂದ್ರೆ ಮಿಲಿಟ್ರಿಯವರು ಕರೆದ್ರೆ ಪುನಃ ಹೋಗುದು. ಕರೀಲಿಕ್ಕಿಲ್ಲ, ನೀನು ಉಪ್ಪಿನಕಾಯಿ ಹಾಕು."

ಕರೆದರು. ಅತ್ತೆ ಸುತರಾಂ ಒಪ್ಪಲಿಲ್ಲ. "ಉಂಡು ಎದ್ದವನನ್ನು ಪುನಃ ಪಂಕ್ತಿಗೆ ಕೂರಿಸುದುಂಟ?"

"ನಾನು ಎಲೆ ಮಡಚಿರ್ಲಿಲ್ಲಮ್ಮ. ಅದಕ್ಕೇ ರಿಸರ್ವ್ ಅನ್ನುದು" ಎಂದರು ಇವರು.

ಬಚ್ಚಲಿನ ಹತ್ತಿರ ತಡೆದು ನಾನು ಮೆಲ್ಲಗೆ ಹೇಳಿದೆ: "ನೆಲ್ಯಾಡಿ ಕಡೆ ರಬ್ಬರ್ ತೋಟದಲ್ಲಿ ಸ್ವಲ್ಪ ಸಮಯ ಕೂತ್ರೆ ಯಾರಿಗೆ ಗೊತ್ತಾಗುದು?"

"ಪೊಲೀಸರು ಅಮ್ಮನೆದುರು ಎಳ್ಕೊಂಡು ಹೋದ್ರೆ ನಿನಗೆ ಚಂದ ಕಾಣ್ತದ?" ಎಂದರು. ಮತ್ತೆ ದನಿ ಇಳಿಸಿ, "ನನಗೂ ಹೋಗ್ಲಿಕ್ಕೆ ಮನಸ್ಸಿಲ್ಲ" ಎಂದರು. ಆ ಮಾತು ನನಗೊಬ್ಬಳಿಗೇ ಹೇಳಿದ್ದು. ದೇವರು ಕೊಟ್ಟದ್ದೆಂದು ಅದನ್ನು ಇಟ್ಟುಕೊಂಡಿದ್ದೇನೆ.

ಹೇಳಿದ ದಿನವೇ ಹೊರಟರು. ಮಳೆಗಾಲಕ್ಕೆ ಮೊದಲು, ಇವರು ಕಾಣೆಯಾಗಿದ್ದಾರೆ ಎಂದು ಮಿಲಿಟ್ರಿಯವರು ತಿಳಿಸಿದರು. ಸತ್ತರೆಂದು ಹೇಳಲಿಲ್ಲ. ಹಾಗಾಗಿ ಉತ್ತರಕ್ರಿಯೆ ಇಲ್ಲ. ನನ್ನ ಕುಂಕುಮ ಅಳಿಸಲು ಅತ್ತೆ ಬಿಡಲಿಲ್ಲ. ಮದುವೆಮನೆಗಳಲ್ಲಿ ನನಗೂ ಹೂವು ಕೊಡುತ್ತಾರೆ. ಅದೂ ಒಂದು ಭಾಗ್ಯವೇ ಅಲ್ಲವೇ? ಬಸ್ಸಿನ ಸದ್ದಾದರೆ ಅತ್ತೆ ಈಗಲೂ ಜಗಲಿಗೆ ಬರುತ್ತಾರೆ.

ಮೊನ್ನೆ ನಾದಿನಿ ಒತ್ತಾಯದಿಂದ ನನ್ನನ್ನು ಪುತ್ತೂರಿಗೆ ಸಿನಿಮಾಕ್ಕೆ ಕರೆದೊಯ್ದಳು. ದೇವರ ಸಿನಿಮಾ ಎಂದು ಹೋದದ್ದು, ನೋಡಿದರೆ ಬೇರೆ ಬಂದಿತ್ತು. ಊರಿಗೆ ಬಂದಿದ್ದ ಸಿಪಾಯಿಗಳನ್ನು ಪುನಃ ಯುದ್ಧಕ್ಕೆ ಎಳೆಯುವ ಹಿಂದಿ ಕಥೆ. ಭಾಷೆ ತಿಳಿಯಲಿಲ್ಲ, ತಿಳಿಯಬೇಕಾಗಿಯೂ ಇರಲಿಲ್ಲ.

"ಎದ್ದು ಹೋಗುವ, ಅತ್ತಿಗೆ" ಎಂದು ನಾದಿನಿ ಕೈ ಎಳೆದಳು.

"ಇರು ಮಾರಾಯ್ತಿ" ಎಂದೆ.

ಹಿಮದಲ್ಲಿ ಒಬ್ಬ ಬಿದ್ದಿದ್ದ. ಜೊತೆಯವನು ಅವನ ತಲೆಯನ್ನು ತೊಡೆಯ ಮೇಲಿಟ್ಟು ಬಾಯಿಗೆ ನೀರು ಬಿಟ್ಟ. ಇವರಿಗೂ ಯಾರಾದರೂ ನೀರು ಬಿಟ್ಟಿರಬಹುದು ಎಂದುಕೊಂಡೆ. ಅಂದುಕೊಂಡ ಮೇಲೆ ತಿಳಿಯಿತು, ಇಷ್ಟು ವರ್ಷಗಳಲ್ಲಿ ಇವರು ಸತ್ತಿದ್ದಾರೆಂದು ನಾನು ಒಪ್ಪಿದ್ದು ಅದೇ ಮೊದಲು.

ಮನೆಗೆ ಬಂದವಳೇ ತಲೆಗೆ ನೀರು ಹಾಕಿಕೊಂಡೆ.

"ಈ ಹೊತ್ತಿಗೆ ಎಂತ ತಲೆಸ್ನಾನ?" ಅತ್ತೆ ಕೇಳಿದರು.

"ದಾರಿಯಿಡೀ ಧೂಳು, ಅತ್ತೆ."

ಅವರು ನನ್ನ ಮುಖ ನೋಡಿ ಒಳಗೆ ಹೋದರು. ದೋಸೆಗೆ ನೆನೆಹಾಕಿದ ಅಕ್ಕಿ ಇತ್ತು. ಒದ್ದೆ ಕೂದಲು ಗಂಟು ಹಾಕಿ ಕಡೆಯುವ ಕಲ್ಲಿನ ಮುಂದೆ ಕುಳಿತೆ.