ಸ್ಕ್ರೂ ಮೇಲಿನ ನೈಲ್ ಪಾಲಿಶ್

ನಮ್ಮ ಸೈರನ್ ಮೇಸ್ತ್ರಿಯ ಬಲ ಹೆಬ್ಬೆರಳಿಗೆ ಸದಾ ಕೆಂಪು ನೈಲ್ ಪಾಲಿಶ್ ಮೆತ್ತಿಕೊಂಡಿರುತ್ತಿತ್ತು. ಆರಡಿ ಆಳು, ದಪ್ಪ ಮೀಸೆ, ಬಾಯಿ ತೆರೆದರೆ ಬೈಗುಳ. ಆ ಬೆರಳು ನೋಡಿ ನಕ್ಕವನೊಬ್ಬನಿಗೆ ಕೋಟೆ ಬಸ್‌ಸ್ಟ್ಯಾಂಡಿನಲ್ಲೇ ಬಾರಿಸಿದ್ದರು.

ತೊಂಬತ್ತರ ದಶಕದ ಮಾತು. ಅಣೆಕಟ್ಟೆಯಿಂದ ನೀರು ಬಿಡುವ ಮೊದಲು ವೈರ್‌ಲೆಸ್‌ನಲ್ಲಿ ಎರಡು ಸ್ವರ ಕಳಿಸುವುದು ನನ್ನ ಕೆಲಸ. ಹೊಳೆಯಂಚಿನ ಊರುಗಳಲ್ಲಿದ್ದ ಹಳೇ ಪೆಟ್ಟಿಗೆಗಳೊಳಗಿನ ಡಿಕೋಡರ್ ಆ ಸ್ವರಗಳ ಗುರುತು ಹಿಡಿದರೆ ಸೈರನ್ ಕೂಗುತ್ತಿತ್ತು. ಬಿಸಿಲೇರಿದರೆ ಅದರ ಶ್ರುತಿ ಜಾರಿ, ಬೇರೆ ಸದ್ದಿಗೂ ಕೂಗಿಬಿಡುತ್ತಿತ್ತು. ಮೇಸ್ತ್ರಿ ನನ್ನಿಂದ ಸ್ವರ ಮತ್ತೆ ಮತ್ತೆ ಕಳಿಸಿಕೊಂಡು, ಪೆಟ್ಟಿಗೆಗೆ ಕಿವಿಯಿಟ್ಟು, ಒಳಗಿನ ಕಾಳಿನಷ್ಟು ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿ, ಹೆಂಡತಿಯ ನೈಲ್ ಪಾಲಿಶ್ ಒಂದು ತೊಟ್ಟು ಹಚ್ಚಿ ಭದ್ರ ಮಾಡುತ್ತಿದ್ದರು. "ಈ ಕೆಂಪು ಬಿರುಕು ಬುಟ್ಟಿದ್ರೆ ಯಾರೋ ಕೈ ಆಕವ್ರೆ ಅಂತ. ಆ ಕೈ ಮುರಿತೀನಿ" ಅನ್ನೋರು.

ಒಂದು ಬೇಸಿಗೆ ಒಂದೂರಿನ ಸೈರನ್ ಸುಮ್ಮಸುಮ್ಮನೆ ಮೂರು ಸಲ ಕೂಗಿತು. ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ಓಡಿ ಬಿದ್ದು ಸೊಂಟ ಮುರಿದುಕೊಂಡಳು. ಮೇಸ್ತ್ರಿ ಹುಣಸೂರಿನ ಕಡೆ ಕೆಲಸಕ್ಕೆ ಹೋಗಿದ್ದರಿಂದ ನೋಡಿಬರಲು ಆಫೀಸಿನವರು ನನ್ನನ್ನು ಕಳಿಸಿದರು. ಊರವರು ನನ್ನ ಕಾಲರ್ ಹಿಡಿದು, ಇನ್ನೊಂದು ಸಲ ಕೂಗಿದರೆ ನಿನ್ನನ್ನೇ ಹೊಳೆಗೆಸೆಯುತ್ತೇವೆ ಅಂದರು. ಪುಕ್ಕಲ ನಾನು. ಅವರು ಚದುರಿದ ಮೇಲೆ, ಸುಳ್ಳು ಸದ್ದಿಗೆ ಸೈರನ್ ಬಾಯಿ ಬಿಡದಿರಲಿ ಅಂತ ಆ ಸ್ಕ್ರೂವನ್ನು ಅರ್ಧ ಸುತ್ತು ತಿರುಗಿಸಿಬಿಟ್ಟೆ, ಮೇಸ್ತ್ರಿಗೆ ಹೇಳಲೂ ಇಲ್ಲ. ಪೆಟ್ಟಿಗೆ ನಿಜವಾದ ಸ್ವರಕ್ಕೂ ಕಿವುಡಾಯಿತು.

ಹದಿನೈದು ದಿನದಲ್ಲಿ ಮಳೆ ಹಿಡಿಯಿತು, ಗೇಟು ಎತ್ತಿದರು. ನಾನು ಸ್ವರ ಕಳಿಸಿದೆ. ಆ ಊರಿನಲ್ಲಿ ಮಾತ್ರ ಸೈರನ್ ಕೂಗಲಿಲ್ಲ. ಹೊಳೆಯಲ್ಲಿ ಎತ್ತು ತೊಳೆಯುತ್ತಿದ್ದ ಅಣ್ಣತಮ್ಮಂದಿರಲ್ಲಿ ತಮ್ಮ ಜೋಡೆತ್ತಿನ ಸಮೇತ ಕೊಚ್ಚಿಹೋದ.

ಮಾರನೆಯ ದಿನ ಮೇಸ್ತ್ರಿ ನನ್ನನ್ನೂ ಕರೆದುಕೊಂಡು ಹೋಗಿ, ಊರವರ ಎದುರಿಗೇ ಪೆಟ್ಟಿಗೆ ತೆರೆದರು. ಕೆಂಪು ಒಡೆದಿತ್ತು. ಒಮ್ಮೆ ನನ್ನ ಮುಖ ನೋಡಿದರು. ಅಷ್ಟರಲ್ಲೇ ಅವರಿಗೆ ಗೊತ್ತಾಯಿತು. ಯಾರು ಇದನ್ನು ಹಾಳು ಮಾಡಿದ್ದು ಎಂದು ಸತ್ತವನ ಅಣ್ಣ ಕೇಳಿದ.

"ನಾನೇ ಕಣಪ್ಪ ತಿರುಗ್ಸಿದ್ದು" ಅಂದರು.

ಊರವರು ಅವರನ್ನು ಕಂಬಕ್ಕೆ ಒತ್ತಿ ಹಿಡಿದು ಗಾಡಿಯ ಗೂಟದಿಂದ ಬಡಿದರು. ಪಕ್ಕೆಲುಬು ಮುರಿದ ಸದ್ದು ನನಗೆ ಕೇಳಿಸಿತು. ರಕ್ತದ ಜೊತೆ ಹಲ್ಲೂ ಮಣ್ಣಿಗೆ ಬಿತ್ತು. ನಾನು ಜನರ ಹಿಂದೆ ಸರಿದು ನಿಂತೆ. ಥೂ, ನನ್ನ ಜನ್ಮಕ್ಕಿಷ್ಟು ಬೆಂಕಿ ಹಾಕ.

ಆಸ್ಪತ್ರೆಯಲ್ಲಿ ಎಚ್ಚರವಾದ ಮೇಲೆ ಮೇಸ್ತ್ರಿ ನನ್ನನ್ನು ಹತ್ತಿರ ಕರೆದು ಕೆನ್ನೆಗೆ ರಪ್ಪನೆ ಬಿಟ್ಟರು. "ನೀನು ತಡ್ಕತಿರ್ನಿಲ್ಲ ಕಣ್ಲಾ, ಸತ್ತೋಗ್ತಿದ್ದೆ" ಅಂದರು. ಇನ್ನು ಅದರ ಮಾತೆತ್ತಬೇಡ ಅಂದಾಗ, ಬದುಕಿದೆಯಾ ಬಡಜೀವವೇ ಅಂತ ನಾನೂ ಸುಮ್ಮನಾದೆ.

ಮೇಸ್ತ್ರಿ ಎಂಟು ವರ್ಷ ಆ ಪಕ್ಕೆನೋವಿನಲ್ಲೇ ಬದುಕಿ ತೀರಿಕೊಂಡರು. ತಿಥಿಗೆ ಹೊಳೆ ಪಾಲಾದವನ ಅಣ್ಣನೂ ಬಂದಿದ್ದ. ನನ್ನನ್ನು ಪಕ್ಕಕ್ಕೆ ಕರೆದ.

"ಆವತ್ತು ನಾನೇ ಅಂತ ಅನ್ನಕ್ಕೆ ಮುಂಚೆ ಅವ್ರು ನಿಮ್ಮ ಕಡೆ ನೋಡುದ್ರು ಸಾರ್. ಆ ನೋಟ ನಂಗೆ ನಿದ್ದೆ ಮಾಡಕ್ಕೆ ಬುಟ್ಟಿಲ್ಲ. ಯಾರು ತಿರುಗ್ಸಿದ್ದು, ಯೋಳಿ."

"ನಾನೇ" ಅಂದೆ.

ಕೈ ಬೀಸಿ ಹೊಡೆದ. ಎರಡನೆಯ ಏಟಿಗೆ ಕೆಳಗೆ ಬಿದ್ದೆ. ಬಿಡಿಸಲು ಬಂದವರಿಗೆ, ಬಿಡಿ, ಹೊಡೆಯಲಿ ಅಂದೆ. ಆದರೆ ಅವನ ಕೈ ಸೋತಿತ್ತು. ನನ್ನ ಪಕ್ಕದಲ್ಲೇ ಕುಕ್ಕರಿಸಿ, ಮೇಸ್ತ್ರೀ, ಮೇಸ್ತ್ರೀ ಎಂದು ಅಳತೊಡಗಿದ.